ತರಗೆಲೆಯ ಕಟ್ಟಳೆ

ಶಿವರಾತ್ರಿ ಹತ್ತಿರ ಬಂದಿತೆಂದರೆ ನಮ್ಮ ಕಡೆಯ ಹೊಂಗೆ, ಬೇವು, ಅರಳಿ ಮರಗಳು ಎಲೆ ಉದುರಿಸಲು ತೊಡಗುತ್ತವೆ. ದೊಡ್ಡಬಳ್ಳಾಪುರದ ಹಳೆಯ ಹಿತ್ತಿಲಿನಲ್ಲಾಗಲಿ, ನೆಲಮಂಗಲದ ಹೊಸ ಬಡಾವಣೆಯಲ್ಲಾಗಲಿ, ಬೆಳಿಗ್ಗೆ ಅಂಗಳ ಗುಡಿಸಿದ ಮೇಲೆ ಒಂದು ಗುಡ್ಡೆ ತರಗು ಉಳಿಯುತ್ತದೆ. ಬೆಂಕಿಕಡ್ಡಿ ಗೀರಿದರೆ ಸ್ವಲ್ಪ ಹೊತ್ತಿನಲ್ಲಿ ಅದು ಹಿಡಿಯಷ್ಟು ಬೂದಿಯಾಗುತ್ತದೆ. ಹೊಗೆ ಮಾತ್ರ ಅಷ್ಟು ಬೇಗ ಹೋಗುವುದಿಲ್ಲ. ಚಳಿಯ ಬೆಳಗಿನಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗೆ ಭಾರವಾಗಿರುವುದರಿಂದ ಅದು ಮೇಲಕ್ಕೇರದೆ ಪಕ್ಕದ ಮನೆಯ ಕಿಟಕಿಯನ್ನು ಹೊಗುತ್ತದೆ. ಒಣಹಾಕಿದ ಬಟ್ಟೆಗೆ ಹತ್ತುತ್ತದೆ. ಉಬ್ಬಸವಿರುವ ಮುದುಕರನ್ನೂ ಮಕ್ಕಳನ್ನೂ ಕೆಮ್ಮಿಸುತ್ತದೆ. ನೆರೆಯವರು ಬಂದು ಆಕ್ಷೇಪಿಸಿದರೆ, "ನಮ್ಮ ಮರ, ನಮ್ಮ ಎಲೆ, ಇದಕ್ಕೂ ಒಂದು ಕಾನೂನು ಇದೆಯೇನ್ರೀ?" ಎಂಬ ಉತ್ತರ ಬರುವುದುಂಟು.

ಕಾನೂನು ಉಂಟು. ಅದಕ್ಕೆ ಒಂದು ಚರಿತ್ರೆಯೂ ಉಂಟು. ಆ ಚರಿತ್ರೆಯನ್ನು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಎಲೆಗೆ ಹೋಗಲು ಒಂದು ಜಾಗವಿದ್ದಷ್ಟು ಕಾಲ ಕಾನೂನು ಬೇಕಾಗಲಿಲ್ಲ. ಜಾಗ ತಪ್ಪಿಹೋದ ಮೇಲೆ ಕಾನೂನು ಬಂದಿತು. ಆದರೆ ಒಬ್ಬಂಟಿಯಾಗಿ ಅದು ಹೆಚ್ಚು ಕೆಲಸ ಮಾಡಲಾರದೆ ನಿಂತಿದೆ.

ಮೊದಲು, ಯಾರೂ ಬರೆದಿಡದ ಕಟ್ಟಳೆಯನ್ನು ನೋಡೋಣ. ನಮ್ಮ ಹಿರಿಯರ ಮನೆಗಳಲ್ಲಿ ಉದುರಿದ ಎಲೆಗೆ ಮೂರು ದಾರಿಗಳಿದ್ದುವು. ಒಂದಷ್ಟು ಕೊಟ್ಟಿಗೆಗೆ ಹೋಗಿ ದನಗಳ ಕಾಲಡಿಯ ಹಾಸಾಗುತ್ತಿತ್ತು. ಗಂಜಲದಲ್ಲಿ ನೆನೆದು ಗೊಬ್ಬರಕ್ಕೆ ಒಳ್ಳೆಯ ಸಾಮಗ್ರಿಯಾಗುತ್ತಿತ್ತು. ಒಂದಷ್ಟು, ತೆಂಗಿನ ಗರಿ, ಸಣ್ಣ ಪುರಲೆಗಳೊಡನೆ, ಬಚ್ಚಲ ಒಲೆಗೆ ಹೋಗಿ ಹಂಡೆಯ ನೀರನ್ನು ಕಾಯಿಸುತ್ತಿತ್ತು. ಆ ಬೂದಿ ಪಾತ್ರೆ ಬೆಳಗುವುದಕ್ಕೂ ಹಿತ್ತಿಲಿನ ಅವರೆ ಬಳ್ಳಿಗೆ ಚೆಲ್ಲುವುದಕ್ಕೂ ಬೇಕಾಗುತ್ತಿತ್ತು. ಉಳಿದದ್ದೆಲ್ಲ ತಿಪ್ಪೆಗೆ. ರಾಗಿಹುಲ್ಲಂತೂ ದನಗಳ ಮೇವು. ಅದಕ್ಕೆ ಬೆಂಕಿಯಿಡುವ ಮಾತು ಕನಸಿನಲ್ಲಿಯೂ ಇರಲಿಲ್ಲ.

ಟಿಪ್ಪುವಿನ ಪತನವಾದ ಮರುವರ್ಷ, ಎಂದರೆ ೧೮೦೦ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿ ನೋಡಿದ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ರೈತರ ತಿಪ್ಪೆಗುಂಡಿಗಳನ್ನು ಗಮನಿಸಿ ಬರೆದಿಟ್ಟಿದ್ದಾನೆ. ರೈತನು ದೊಡ್ಡ ಗುಂಡಿ ತೋಡಿ ಕೊಟ್ಟಿಗೆಯ ಸಗಣಿಯನ್ನೂ ಮನೆಯ ಬೂದಿ ಕಸಗಳನ್ನೂ ಅದರಲ್ಲಿ ಕೂಡಿಡುತ್ತಿದ್ದನೆಂಬುದು ಅವನ ಬರಹದಿಂದ ತಿಳಿಯುತ್ತದೆ. ದೀಪಾವಳಿಯಲ್ಲಿ ತಿಪ್ಪೆಯ ಮೇಲೆಯೂ ಒಂದು ಹಣತೆ ಇಡುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಉಂಟಷ್ಟೆ. ಮನೆಯ ಸಂಪತ್ತಿನಲ್ಲಿ ತಿಪ್ಪೆಯೂ ಒಂದೆಂದು ತಿಳಿದ ಜನರ ಪದ್ಧತಿ ಅದು.

ಹಾಗೆಂದು ಊರಿನಲ್ಲಿ ಬಯಲು ಬೆಂಕಿಯೇ ಇರಲಿಲ್ಲವೆಂದಲ್ಲ. ಸಂಕ್ರಾಂತಿಯ ಸಂಜೆ ಊರ ಮುಂದೆ ಹುಲ್ಲು ಹರಡಿ ದನಗಳಿಗೆ ಕಿಚ್ಚು ಹಾಯಿಸುತ್ತಾರೆ. ಕಾಮನ ಹುಣ್ಣಿಮೆಯಂದು ಸೌದೆ ಬೆರಣಿ ಒಟ್ಟಿ ಸುಡುತ್ತಾರೆ. ಆದರೆ ಈ ಬೆಂಕಿಗಳಿಗೆ ಗೊತ್ತಾದ ದಿನವುಂಟು, ಗೊತ್ತಾದ ಜಾಗವುಂಟು. ಸುತ್ತ ನಿಂತು ನೋಡಿಕೊಳ್ಳುವ ಜನರೂ ಉಂಟು. ದಿನನಿತ್ಯ ಬೀದಿಯಲ್ಲಿ ಒಬ್ಬೊಬ್ಬರೇ ಹಚ್ಚುವ ಬೆಂಕಿಗೂ ಇದಕ್ಕೂ ಹೋಲಿಕೆಯಿಲ್ಲ.

ಬರೆದ ಕಾನೂನು ಬೆಂಕಿಯ ವಿಷಯಕ್ಕೆ ಬಂದಾಗ ಅದು ಮೊದಲು ಗಮನಿಸಿದ್ದು ಹೊಗೆಯನ್ನಲ್ಲ, ಉರಿಯನ್ನು. ೧೮೬೦ರ ಭಾರತ ದಂಡಸಂಹಿತೆಯಲ್ಲಿ ೪೩೫ನೆಯ ಕಲಂ ಒಂದಿತ್ತು. ಬೆಂಕಿಯಿಟ್ಟು ಸ್ವತ್ತನ್ನು ನಾಶಪಡಿಸುವವನಿಗೆ ಏಳು ವರ್ಷದವರೆಗೆ ಶಿಕ್ಷೆಯಾಗಬಹುದೆಂದು ಅದು ಹೇಳುತ್ತಿತ್ತು. ಸಾಮಾನ್ಯ ಸ್ವತ್ತಾದರೆ ನಷ್ಟ ೧೦೦ ರೂಪಾಯಿ ಮುಟ್ಟಬೇಕು. ಬೇಸಾಯದ ಫಸಲಾದರೆ ೧೦ ರೂಪಾಯಿ ಸಾಕು. ಕಣದಲ್ಲಿಯ ತೆನೆಗೆ ಕಾನೂನು ಎಷ್ಟು ಬೆಲೆ ಕೊಟ್ಟಿತ್ತೆಂಬುದಕ್ಕೆ ಈ ಎರಡು ಅಂಕಿಗಳೇ ಸಾಕ್ಷಿ. ಬೇಕೆಂದು ಸುಡದೆ, ಬರಿಯ ಅಜಾಗರೂಕತೆಯಿಂದ ಜನರ ಪ್ರಾಣಕ್ಕೆ ಅಪಾಯವಾಗುವಂತೆ ಬೆಂಕಿಯನ್ನು ಬಳಸಿದರೂ ೨೮೫ನೆಯ ಕಲಮಿನಂತೆ ಆರು ತಿಂಗಳ ಸಜೆ ಇಲ್ಲವೆ ಸಾವಿರ ರೂಪಾಯಿ ಜುಲ್ಮಾನೆ ಆಗಬಹುದಾಗಿತ್ತು. ೨೦೨೪ರ ಜುಲೈ ೧ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ ಇದು ಅದರ ೨೮೭ನೆಯ ಕಲಮಾಯಿತು. ಜುಲ್ಮಾನೆ ಎರಡು ಸಾವಿರದವರೆಗೆ ಏರಿತು.

ಕಾಡಿನ ಬೆಂಕಿಗೆ ಬೇರೆಯೇ ಕಟ್ಟಳೆ. ೧೯೦೦ರ ಮೈಸೂರು ಅರಣ್ಯ ರೆಗ್ಯುಲೇಷನ್ನೂ ಅದರ ಜಾಗಕ್ಕೆ ಬಂದ ೧೯೬೩ರ ಅರಣ್ಯ ಕಾಯಿದೆಯೂ ಮೀಸಲು ಅರಣ್ಯಕ್ಕೆ ಬೆಂಕಿ ತಗಲಿಸುವುದನ್ನು ಅಪರಾಧವೆಂದು ಹೇಳಿದುವು. ಮಾಕಳಿದುರ್ಗದ ಕಡೆಯ ಬೆಟ್ಟಗಳನ್ನು ಬೇಸಗೆಯಲ್ಲಿ ಕಂಡವರಿಗೆ ಇದರ ಕಾರಣವನ್ನು ಹೇಳಬೇಕಾಗಿಲ್ಲ. ಮೊಣಕಾಲೆತ್ತರದ ಒಣಹುಲ್ಲು, ಬುಡದ ಹೊಲದಲ್ಲಿ ಯಾರೋ ಬದುವಿನ ಕಸಕ್ಕೆ ಇಟ್ಟ ಬೆಂಕಿ ಗಾಳಿ ಎದ್ದರೆ ಬೆಟ್ಟವನ್ನೇ ಹತ್ತಬಹುದು.

ಎರಡನೆಯ ಹೆಜ್ಜೆಯಲ್ಲಿ ಕಾನೂನಿನ ಕಣ್ಣು ಹೊಗೆಯ ಮೇಲೆ ಬಿದ್ದಿತು. ನೆರೆಹೊರೆಯವರ ಅಥವಾ ದಾರಿಹೋಕರ ಆರೋಗ್ಯಕ್ಕೆ ಹಾನಿಯಾಗುವಂತೆ ಗಾಳಿಯನ್ನು ಕೆಡಿಸುವುದು ಅದೇ ದಂಡಸಂಹಿತೆಯ ೨೭೮ನೆಯ ಕಲಮಿನಂತೆ ಅಪರಾಧ. ಜುಲ್ಮಾನೆ ೫೦೦ ರೂಪಾಯಿಯವರೆಗೆ. ಹೊಸ ಸಂಹಿತೆಯಲ್ಲಿ ಅದು ೨೮೦ನೆಯ ಕಲಂ. ಮೊತ್ತ ಒಂದು ಸಾವಿರ. ಊರಿನ ಕಸವನ್ನು ಸಾಗಿಸುವ ಹೊಣೆ ೧೯೫೧ರ ಮೈಸೂರು ಪಟ್ಟಣ ಮುನಿಸಿಪಾಲಿಟಿಗಳ ಕಾಯಿದೆಯಂತೆ, ಆಮೇಲೆ ೧೯೬೪ರ ಮುನಿಸಿಪಾಲಿಟಿಗಳ ಕಾಯಿದೆಯಂತೆ, ಪಟ್ಟಣದ ಆಡಳಿತದ ಮೇಲೆ ಬಿದ್ದಿತು. ಹಣವಿಲ್ಲವೆಂಬ ನೆಪ ಹೇಳಿ ಈ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟು ೧೯೮೦ರಲ್ಲಿ, ಮಧ್ಯಪ್ರದೇಶದ ರತ್ಲಾಂ ಮುನಿಸಿಪಾಲಿಟಿಯ ಮೊಕದ್ದಮೆಯಲ್ಲಿ, ತೀರ್ಪು ಕೊಟ್ಟಿತು.

ಆದರೆ ಕಸವನ್ನು ಸಾಗಿಸಿ ಏನು ಮಾಡುವುದು? ಬೆಂಗಳೂರಿಗೆ ಪ್ಲೇಗು ಕಾಲಿಟ್ಟದ್ದು ೧೮೯೮ರ ಆಗಸ್ಟಿನಲ್ಲಿ. ಆ ಕಾಲದ ನೈರ್ಮಲ್ಯಶಾಸ್ತ್ರಕ್ಕೆ ಬೆಂಕಿ ಪರಮಮಿತ್ರ. ರೋಗದ ಬೀಜವನ್ನು ಅದು ಸುಟ್ಟುಬಿಡುತ್ತದೆಂಬ ನಂಬಿಕೆ. ಬೀದಿಯ ಕಸಕ್ಕೆ ಬೆಂಕಿಯಿಡುವುದು ಊರನ್ನು ಶುಚಿಗೊಳಿಸುವ ಕೆಲಸವೇ ಎಂಬ ಭಾವನೆ ಇಂದಿಗೂ ನಮ್ಮಲ್ಲಿ ಉಳಿದಿರುವುದಕ್ಕೆ ಇಂಥ ನಂಬಿಕೆಗಳೂ ಒಂದು ಕಾರಣವಿರಬೇಕು.

ಇದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು ನಮ್ಮ ನೆರೆಯಲ್ಲಿಯೇ ಎಂಬುದು ಹೆಮ್ಮೆಯ ಸಂಗತಿ. ಸರ್ ಆಲ್ಬರ್ಟ್ ಹೊವಾರ್ಡ್ ೧೯೨೪ರಿಂದ ೧೯೩೧ರವರೆಗೆ ಇಂದೂರಿನಲ್ಲಿ ಎಲೆ, ಕಸಕಡ್ಡಿ, ಸಗಣಿಗಳಿಂದ ಗೊಬ್ಬರ ಮಾಡುವ ಕ್ರಮವೊಂದನ್ನು ರೂಪಿಸಿದ್ದನು. ಅದರಲ್ಲಿ ರಾಶಿಯನ್ನು ಮೇಲಿಂದ ಮೇಲೆ ತಿರುವಿಹಾಕಿ ನೀರುಣಿಸಬೇಕು. ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುತ್ತಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಡಾಕ್ಟರ್ ಸಿ. ಎನ್. ಆಚಾರ್ಯ ಅವರು ೧೯೩೯ರಲ್ಲಿ ಇನ್ನೊಂದು ಕ್ರಮವನ್ನು ಕಂಡುಹಿಡಿದರು. ತಿರುವುವ ಕೆಲಸವಿಲ್ಲ; ನೀರೂ ಕಡಿಮೆ ಸಾಕು. ಇದೇ ಲೋಕದ ಪುಸ್ತಕಗಳಲ್ಲೆಲ್ಲ 'ಬೆಂಗಳೂರು ಪದ್ಧತಿ' ಎಂದು ಹೆಸರಾಯಿತು.

ಕ್ರಮ ಹೀಗೆ. ಊರಿನಿಂದ ಅರ್ಧ ಮೈಲಿ ಆಚೆಗೆ ಮೂರು ಅಡಿ ಆಳದ, ಐದರಿಂದ ಎಂಟು ಅಡಿ ಅಗಲದ ಕಂದಕಗಳನ್ನು ತೋಡುವುದು. ಆರು ಅಂಗುಲ ಕಸ, ಅದರ ಮೇಲೆ ಎರಡು ಅಂಗುಲ ಮಲ, ಮತ್ತೆ ಆರು ಅಂಗುಲ ಕಸ. ಹೀಗೆ ನೆಲದ ಮಟ್ಟಕ್ಕಿಂತ ಒಂದಡಿ ಮೇಲಕ್ಕೆ ಬರುವವರೆಗೆ ಪದರಪದರವಾಗಿ ತುಂಬುವುದು. ಕೊನೆಗೆ ಹತ್ತು ಅಂಗುಲ ಕಸ ಹರಡಿ ಮೇಲೆ ಮಣ್ಣು ಮುಚ್ಚುವುದು. ಒಂದು ವಾರದೊಳಗೆ ಒಳಗಿನ ಕಾವು ೬೦ ಡಿಗ್ರಿ ಸೆಂಟಿಗ್ರೇಡನ್ನು ಮೀರಿ ಎರಡು ಮೂರು ವಾರ ಹಾಗೆಯೇ ನಿಲ್ಲುತ್ತದೆ. ರೋಗಾಣುಗಳು ಸಾಯುವುದು ಈ ಕಾವಿನಿಂದ. ಬೆಂಕಿಯಿಂದ ಆಗಬೇಕೆಂದಿದ್ದ ಕೆಲಸವನ್ನು ಮಣ್ಣಿನೊಳಗಿನ ಸೂಕ್ಷ್ಮಜೀವಿಗಳೇ ಮಾಡಿ ಮುಗಿಸಿದಂತಾಯಿತು. ನಾಲ್ಕರಿಂದ ಆರು ತಿಂಗಳಿಗೆ ವಾಸನೆಯಿಲ್ಲದ ಗೊಬ್ಬರ ಸಿದ್ಧ.

ಈ ಪದ್ಧತಿಗೆ ತೆತ್ತ ಬೆಲೆಯನ್ನೂ ಮರೆಯಬಾರದು. ಆ ಮಲವನ್ನು ಕಂದಕದವರೆಗೆ ತಂದವರು ಮನುಷ್ಯರೇ. ಜಾತಿಯ ಹೆಸರಿನಲ್ಲಿ ಆ ಕೆಲಸಕ್ಕೆ ಕಟ್ಟಿಹಾಕಲ್ಪಟ್ಟವರು. ದೇವರಾಜ ಅರಸು ಅವರ ಮಂತ್ರಿಮಂಡಲದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ೧೯೭೦ರ ದಶಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಕೈಹಾಕಿದ್ದು ನಮ್ಮ ನಾಡಿನ ದೊಡ್ಡ ಕೆಲಸಗಳಲ್ಲಿ ಒಂದು. ಮಲದ ಬದಲು ಸಗಣಿಯ ಬಗ್ಗಡ ಹಾಕಿದರೂ ಗುಂಡಿಯಲ್ಲಿ ಎಲೆ ಕೊಳೆಯುತ್ತದೆ. ಆದುದರಿಂದ ಆ ಅನ್ಯಾಯ ಹೋಗಿ ಗುಂಡಿ ಉಳಿಯಬಹುದಾಗಿತ್ತು. ಬಹು ಕಡೆ ಗುಂಡಿಯೂ ಹೋಯಿತು.

ಏಕೆ ಹೋಯಿತು? ೧೯೬೦ರ ದಶಕದಿಂದ ಈಚೆಗೆ ಚೀಲದ ಗೊಬ್ಬರ ಹಳ್ಳಿಹಳ್ಳಿಗೂ ಬಂದಿತು. ತಿಪ್ಪೆಯ ಬೆಲೆ ಇಳಿಯಿತು. ಪಟ್ಟಣದ ಮನೆಗಳಲ್ಲಿ ಕೊಟ್ಟಿಗೆ ಹೋಗಿ ವಾಹನ ನಿಲ್ಲಿಸುವ ಜಾಗವಾಯಿತು. ಗ್ಯಾಸು, ವಿದ್ಯುತ್ತಿನ ಗೀಸರು ಬಂದುವು. ಹಂಡೆ ಅಟ್ಟ ಸೇರಿತು. ನಾನು ಮೊದಲು ಹೇಳಿದ ಮೂರು ದಾರಿಗಳೂ ಹೀಗೆ ಮುಚ್ಚಿಹೋದುವು. ಮರ ಮಾತ್ರ ಹಿಂದಿನಂತೆಯೇ ಎಲೆ ಉದುರಿಸುತ್ತಿದೆ. ಇದರ ಜೊತೆಗೆ ಈ ಸೀಮೆಯ ಎಷ್ಟೋ ಹೊಲಗಳಲ್ಲಿ ನೀಲಗಿರಿ ತೋಪುಗಳು ಎದ್ದುವು. ನೀಲಗಿರಿ ಎಲೆಯಲ್ಲಿ ಎಣ್ಣೆಯಿದೆ. ಬೇಗ ಕೊಳೆಯುವುದಿಲ್ಲ, ಬೆಂಕಿ ತಗಲಿದರೆ ಧಗ್ಗನೆ ಉರಿಯುತ್ತದೆ. ೨೦೧೭ರಲ್ಲಿ ಸರ್ಕಾರ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು ಅಂತರ್ಜಲದ ಕಾರಣಕ್ಕಾಗಿ. ಮೊದಲೇ ನೆಟ್ಟ ತೋಪುಗಳ ತರಗೆಲೆಯ ಪ್ರಶ್ನೆ ಅದರಿಂದ ತೀರಲಿಲ್ಲ.

ಇನ್ನೊಂದು ಬದಲಾವಣೆ ಇದಕ್ಕಿಂತ ಗಂಭೀರವಾದದ್ದು. ಹಿಂದಿನ ಕಸದ ಗುಡ್ಡೆಯಲ್ಲಿ ಇದ್ದದ್ದು ಎಲೆ, ಕಡ್ಡಿ, ಹೆಚ್ಚೆಂದರೆ ಹರಿದ ಕಾಗದ. ಈಗಿನ ಗುಡ್ಡೆಯಲ್ಲಿ ಪ್ಲಾಸ್ಟಿಕ್ಕು ಬೆರೆತಿದೆ. ಹಾಲಿನ ಚೀಲ, ಗುಟ್ಕಾ ಚೀಟಿ, ತಂತಿಯ ಹೊದಿಕೆ. ಪಿ.ವಿ.ಸಿ. ಮುಂತಾದ ಕ್ಲೋರಿನ್ ಇರುವ ಪ್ಲಾಸ್ಟಿಕ್ಕು ಹೀಗೆ ಮಂದವಾದ ಉರಿಯಲ್ಲಿ ಬೆಂದರೆ ಡಯಾಕ್ಸಿನ್ ಎಂಬ ವಿಷಗಳು ಹುಟ್ಟುತ್ತವೆ. ಬರಿಯ ಎಲೆಯ ಹೊಗೆಯೂ ನಿರಪಾಯಕರವಲ್ಲ. ಕಾರ್ಬನ್ ಮಾನಾಕ್ಸೈಡೂ, ಶ್ವಾಸಕೋಶದ ಆಳಕ್ಕೆ ಇಳಿಯುವ ಅತಿಸೂಕ್ಷ್ಮ ಕಣಗಳೂ ಅದರಲ್ಲಿರುತ್ತವೆ. "ನಮ್ಮ ಅಜ್ಜಿ ಸುಡುತ್ತಿರಲಿಲ್ಲವೇ?" ಎಂದು ಕೇಳುವವರು ಎರಡು ಮಾತನ್ನು ನೆನೆಯಬೇಕು. ಅಜ್ಜಿ ಹೆಚ್ಚಾಗಿ ಸುಟ್ಟದ್ದು ಬಚ್ಚಲ ಒಲೆಯಲ್ಲಿ, ನೀರು ಕಾಯಿಸಲು. ಆ ಹೊಗೆಯನ್ನು ನುಂಗಿ ಕಣ್ಣುರಿ ಕೆಮ್ಮುಗಳನ್ನು ಅನುಭವಿಸಿದವಳೂ ಅವಳೇ.

ಕಾನೂನಿನ ಮೂರನೆಯ ಹೆಜ್ಜೆ ಬಂದದ್ದು ಈ ಹೊತ್ತಿಗೆ. ೧೯೮೧ರ ವಾಯುಮಾಲಿನ್ಯ ಕಾಯಿದೆಯ ೧೯ನೆಯ ಕಲಂ, ಗೊತ್ತುಪಡಿಸಿದ ಪ್ರದೇಶಗಳಲ್ಲಿ ಉರುವಲಲ್ಲದ ಯಾವ ವಸ್ತುವನ್ನಾದರೂ ಸುಡುವುದನ್ನು ನಿಷೇಧಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿತು. 'ಉರುವಲಲ್ಲದ' ಎಂಬ ಮಾತನ್ನು ಗಮನಿಸಿ. ಹಂಡೆಯ ಕೆಳಗಿನ ಎಲೆಗೂ ಬೀದಿಯ ಎಲೆಗೂ ಇರುವ ಭೇದ ಅದರಲ್ಲಿ ಅಡಗಿದೆ. ಬೆಂಗಳೂರಿನ ಬಳಿ ವಾಸಿಸುವ ಆಲ್ಮಿತ್ರಾ ಪಟೇಲ್ ಎಂಬ ಮಹಿಳೆ ೧೯೯೬ರಲ್ಲಿ ಊರುಗಳ ಕಸದ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯ ಫಲವಾಗಿ ಬಂದ ೨೦೦೦ದ ನಿಯಮಗಳು ಕಸವನ್ನಾಗಲಿ ಒಣ ಎಲೆಗಳನ್ನಾಗಲಿ ಸುಡಬಾರದೆಂದು ಹೇಳಿದುವು. ತರಗೆಲೆಯ ಹೆಸರನ್ನೇ ಎತ್ತಿ ಹೇಳಿದ ನಿಯಮ ಅದು.

೨೦೧೬ರ ಏಪ್ರಿಲಿನಲ್ಲಿ ಬಂದ ಘನತ್ಯಾಜ್ಯ ನಿಯಮಗಳು ಇನ್ನೂ ಮುಂದಕ್ಕೆ ಹೋದುವು. ತೋಟದ ಕಸವನ್ನು ಮನೆಯವರು ತಮ್ಮ ಆವರಣದಲ್ಲಿಯೇ ಬೇರೆಯಾಗಿ ಇಟ್ಟುಕೊಂಡು ಸ್ಥಳೀಯ ಸಂಸ್ಥೆ ಹೇಳಿದಂತೆ ವಿಲೇವಾರಿ ಮಾಡಬೇಕು. ಬೀದಿಯಲ್ಲಿ, ಬಯಲಿನಲ್ಲಿ, ಚರಂಡಿಯಲ್ಲಿ, ಕೆರೆಯಲ್ಲಿ ಕಸವನ್ನು ಎಸೆಯಬಾರದು, ಸುಡಬಾರದು, ಹೂಳಬಾರದು ಎಂದುವು. ಒಂದು ವರ್ಷದೊಳಗೆ ಸ್ಥಳೀಯ ಸಂಸ್ಥೆಗಳು ಉಪನಿಯಮಗಳನ್ನು ರಚಿಸಬೇಕೆಂದೂ ಹೇಳಿದುವು. ಅದೇ ವರ್ಷದ ಡಿಸೆಂಬರ್ ೨೨ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಿನಲ್ಲಿ ಕಸ ಸುಡುವವರಿಗೆ ೫,೦೦೦ ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ ೨೫,೦೦೦ ರೂಪಾಯಿ ಪರಿಹಾರ ವಿಧಿಸಬೇಕೆಂದು ಆಜ್ಞೆ ಮಾಡಿತು.

ಇಷ್ಟೆಲ್ಲ ಆದರೂ ಹೊಗೆ ನಿಂತಿಲ್ಲ. ೨೦೧೬ರ ನಿಯಮಗಳು ಹೆಚ್ಚಾಗಿ ಪಟ್ಟಣಗಳಿಗೂ ಅವುಗಳ ಹೊರಬೆಳವಣಿಗೆಗೂ ಅನ್ವಯಿಸಿದುವು. ಗಡಿಕಲ್ಲಿನ ಆಚೆಯ ಹಳ್ಳಿಯ ಬಯಲು ಹೊರಗುಳಿಯಿತು. ಇನ್ನೊಂದು ಕಡೆಯಿಂದ, ಬೆಂಗಳೂರಿನ ಕಸ ಲಾರಿ ಲಾರಿಯಾಗಿ ಇತ್ತ ಹರಿಯಿತು. ಮಾವಳ್ಳಿಪುರ, ಹೊಸಕೋಟೆಯ ನೆರೆಯ ಮಂಡೂರು, ದೊಡ್ಡಬಳ್ಳಾಪುರ ತಾಲ್ಲೂಕಿನ ಗುಂಡ್ಲಹಳ್ಳಿ, ಚಿಗರೇನಹಳ್ಳಿ ಇವುಗಳ ಹೆಸರನ್ನು ಜನ ಕೇಳಿದ್ದು ಈ ಕಾರಣಕ್ಕೆ. ಹಳ್ಳಿಯವರ ಹೋರಾಟದ ಮೇಲೆ ಮಾವಳ್ಳಿಪುರಕ್ಕೆ ೨೦೧೨ರಲ್ಲಿ, ಮಂಡೂರಿಗೆ ೨೦೧೪ರ ಡಿಸೆಂಬರಿನಲ್ಲಿ ಕಸ ಸುರಿಯುವುದು ನಿಂತಿತು. ನಗರದ ಕಸದ ಬೆಟ್ಟವನ್ನು ಕಂಡ ರೈತನಿಗೆ, "ನಿನ್ನ ಬದುವಿನ ಎಲೆಗೆ ದಂಡ" ಎಂದರೆ ನಗು ಬರುವುದು ಸಹಜ. ಬೀದಿ ಗುಡಿಸುವ ಪೌರಕಾರ್ಮಿಕರ ಕಷ್ಟವೂ ಹಾಗೆಯೇ. ಗುಡ್ಡೆ ಮಾಡಿದ ಎಲೆಯನ್ನು ಒಯ್ಯಲು ಗಾಡಿ ಬಾರದಿದ್ದರೆ ಅವರು ಅದನ್ನು ಎಲ್ಲಿಗೆ ಹೊತ್ತಾರು? ಬೈಗುಳವೂ ಅವರಿಗೆ, ಮೊದಲ ಹೊಗೆಯೂ ಅವರಿಗೆ. ದಂಡದ ಪುಸ್ತಕ ತೋರಿಸಿ ಇದನ್ನು ಮುಚ್ಚುವುದು ತಿಪ್ಪೆ ಸಾರಿಸಿದಂತೆ.

ಹೊರದೇಶದ ಒಂದು ಉದಾಹರಣೆ ಇಲ್ಲಿ ಉಪಯುಕ್ತ. ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಮನೆಮನೆಯ ಹಿತ್ತಿಲಿನಲ್ಲೂ ಕಸ ಸುಡುವ ಒಂದೊಂದು ಗೂಡು ಇರುತ್ತಿತ್ತು. ಊರನ್ನು ಹೊಗೆಮಂಜು ಕವಿಯತೊಡಗಿದಾಗ ೧೯೫೭ರ ಅಕ್ಟೋಬರ್ ೧ರಿಂದ ಆ ಗೂಡುಗಳನ್ನು ನಿಷೇಧಿಸಿದರು. ಜನ ಗೊಣಗಿದರು, ಆದರೆ ಸುಡುತ್ತಿದ್ದ ಕಸವನ್ನು ಮನೆಬಾಗಿಲಿನಿಂದ ಒಯ್ಯುವ ಏರ್ಪಾಡು ಬಂದುದರಿಂದ ನಿಷೇಧ ನಿಂತಿತು. ಅಲ್ಲಿಯೂ ನಿಯಮಕ್ಕೆ ಗಾಡಿಯ ಆಸರೆ ಬೇಕಾಯಿತು.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಇದು ಅಸಾಧ್ಯವೇನೂ ಅಲ್ಲ. ದ್ರಾಕ್ಷಿ, ಹಿಪ್ಪುನೇರಳೆ, ಚಕ್ಕೋತ, ತರಕಾರಿ ಬೆಳೆಯುವ ನೆಲ ಪಟ್ಟಣದ ಬಾಗಿಲಿನಲ್ಲಿಯೇ ಇದೆ. ಗೊಬ್ಬರ ಬೇಕೆನ್ನುವವರು ಅಲ್ಲಿದ್ದಾರೆ, ಎಲೆ ಬೇಡವೆನ್ನುವವರು ಇಲ್ಲಿದ್ದಾರೆ. ಉದ್ಯಾನದಲ್ಲಿ, ಶಾಲೆಯ ಅಂಗಳದಲ್ಲಿ, ದೇವಸ್ಥಾನದ ಹಿಂದೆ ಒಂದೊಂದು ಎಲೆಗುಂಡಿ ತೋಡಿಸಿಕೊಡಿರೆಂದು ನಿಮ್ಮ ವಾರ್ಡಿನ ಸದಸ್ಯರನ್ನು ಕೇಳುವ ಹಕ್ಕು ನಿಮಗಿದೆ. ಸ್ವಲ್ಪ ಹಿತ್ತಿಲು ಇದ್ದವರು ಅದನ್ನು ಕಾಯುವುದೂ ಬೇಡ. ಮೂರಡಿಗಿಂತ ಆಳವಿಲ್ಲದ ಗುಂಡಿ. ಅರ್ಧ ಅಡಿ ಎಲೆ, ಮೇಲೆ ಸಗಣಿಯ ಬಗ್ಗಡ, ಒಂದು ಹಿಡಿ ಮಣ್ಣು, ಮತ್ತೆ ಎಲೆ. ತುಂಬಿದ ಮೇಲೆ ಮಣ್ಣು ಮೆತ್ತಿ ಬಿಡಿ. ಪ್ಲಾಸ್ಟಿಕ್ಕಿನ ಚೂರೂ ಒಳಗೆ ಹೋಗದಿರಲಿ. ಶಿವರಾತ್ರಿಯಲ್ಲಿ ಮುಚ್ಚಿದ ಗುಂಡಿ ಶ್ರಾವಣದ ಹೊತ್ತಿಗೆ ತೆರೆಯಲು ಬರುತ್ತದೆ. ಬೂದಿಯೂ ಗೊಬ್ಬರವೇ ಎನ್ನುವವರಿಗೆ ಒಂದು ಮಾತು: ಸುಟ್ಟರೆ ಪೊಟ್ಯಾಷು ಉಳಿಯುತ್ತದೆ, ಸಾರಜನಕವೂ, ನೆಲಕ್ಕೆ ತೇವ ಹಿಡಿದಿಡುವ ಜೈವಿಕಾಂಶವೂ ಗಾಳಿಯ ಪಾಲಾಗುತ್ತವೆ.

ನಿಯಮಗಳ ಅಂಕಿ, ದಂಡದ ಮೊತ್ತ ಮುಂದೆಯೂ ಬದಲಾಗುತ್ತಿರುತ್ತವೆ. ನಿಮ್ಮ ಊರಿನ ಉಪನಿಯಮ ಏನು ಹೇಳುತ್ತದೆಂಬುದನ್ನು ನಗರಸಭೆ, ಪುರಸಭೆ ಅಥವಾ ಪಂಚಾಯತಿ ಕಚೇರಿಯಲ್ಲಿ ಒಮ್ಮೆ ಕೇಳಿ ತಿಳಿದುಕೊಳ್ಳಿ. ಹಾಗೆಯೇ, ಎಲೆ ಒಯ್ಯುವ ಗಾಡಿ ಯಾವ ದಿನ ಬರುತ್ತದೆಂಬುದನ್ನೂ ಕೇಳಿ. ಎರಡನೆಯ ಪ್ರಶ್ನೆಗೆ ಅಲ್ಲಿ ಉತ್ತರ ಸಿಗುವ ದಿನ ಮೊದಲನೆಯದು ತಾನಾಗಿಯೇ ಜಾರಿಗೆ ಬರುತ್ತದೆ.